ಅರಕ್ಕೆ ಹನ್ನೊಂದು ಹಿಡಿ

19-10-2007, ಶುಕ್ರವಾರ. ನರಸಿಂಹರಾಜಪುರ.

ನಾಳೆ ಆಯುಧ ಪೂಜೆ. ಬೆಳಿಗ್ಗೆಯಿಂದ ತೊಳೆಯೋದೇ ಕೆಲಸ. ವೈಸ್, ಸುತ್ತಿಗೆ, ಕಟಿಂಗ್ ಪ್ಲೇಯರ್ — ಎಲ್ಲಕ್ಕೂ ಸೀಮೆಎಣ್ಣೆ ಸ್ನಾನ. ಅರಗಳು ಒಟ್ಟು ಹದಿನಾಲ್ಕು. ಚಪ್ಪಟೆ, ದುಂಡು, ಮುಮ್ಮೂಲೆ. ಒಂದೊಂದರ ಹಲ್ಲಿಗೂ ತಂತಿ ಬ್ರಷ್ ಹಾಕಿ, ಹಿಡಿಗಳಿಗೆ ಎಣ್ಣೆ ಸವರಿದ್ದಾಯ್ತು. ವರ್ಷಕ್ಕೊಂದು ದಿನ ಅಂಗಡಿ ಅಂಗಡಿ ಥರ ಕಾಣುತ್ತೆ ಅಂದಳು ಬಸಮ್ಮ. ಹೆಂಡತಿ ಬಾಯಿಂದ ಇಷ್ಟು ಬಂದರೆ ಅದೇ ಪ್ರಶಸ್ತಿ.

‘ಗರಗಸ, ಕತ್ತಿಗಳಿಗೆ ಅರ ಹಾಕಿ ಕೊಡಲಾಗುವುದು’ — ಬೋರ್ಡಿನ ಬಣ್ಣ ಹೋಗಿದೆ. ಬಳೀಬೇಕು. ಇನ್ನು ಹದಿನೈದು ದಿನಕ್ಕೆ ಅಡಿಕೆ ಸುಲಿತ ಶುರು. ಸುಲಿಯೋ ಹೆಂಗಸರು ಕಾಲಲ್ಲಿ ಮೆಟ್ಟಿಕೊಂಡು ಕೂರೋ ಮೆಟ್ಟುಗತ್ತಿ ರಾಶಿ ಬೀಳುತ್ತೆ. ಗ್ರೈಂಡರಿಗೆ ಕೊಟ್ಟರೆ ಕತ್ತಿ ಕಾದು ಹದ ಹೋಗುತ್ತೆ ಅಂತ ಎಲ್ಲರಿಗೂ ಗೊತ್ತು. ನನ್ನ ಹತ್ತಿರವೇ ಬರಬೇಕು. ಬರಲಿ.

27-10-2007, ಶನಿವಾರ

ಎಡಗೈಯಲ್ಲಿ ಬರೀತಿದ್ದೀನಿ. ಕೋಳಿ ಕೆದರಿದ ಹಾಗಿದೆ.

ಪೂಜೆ ದಿನ. ಮಂಗಳಾರತಿ ಆಗಿ ಹತ್ತು ನಿಮಿಷ ಆಗಿರಬೇಕು. ಅರಗಳೆಲ್ಲ ಮಣೆ ಮೇಲೆ ವಿಭೂತಿ, ಹೂವು ಹಾಕಿಸಿಕೊಂಡು ಕೂತಿದ್ದವು. ಆಚೆ ಕೇರಿ ದೇವಪ್ಪ ಓಡಿ ಬಂದ. ಅವನ ಕೊಟ್ಟಿಗೆ ಮೇಲೆ ಹಲಸಿನ ಕೊಂಬೆ ಬಿದ್ದಿದೆ, ಒಳಗೆ ದನ ಸಿಕ್ಕಿಕೊಂಡಿದೆ, ಗರಗಸದಲ್ಲಿ ಹಲ್ಲೇ ಇಲ್ಲ. ಪೂಜೆಗಿಟ್ಟ ಅರ ಆ ದಿನ ಮುಟ್ಟೋ ಹಾಗಿಲ್ಲ. ನಮ್ಮಪ್ಪ ಮುಟ್ಟಿದವರಲ್ಲ, ನಾನೂ ಮುಟ್ಟಿಲ್ಲ. ಗುಜರಿ ಡಬ್ಬಿಯಲ್ಲಿ ಹಿಡಿ ಇಲ್ಲದ ಹಳೇ ಮುಮ್ಮೂಲೆ ಅರ ಒಂದಿತ್ತು. ಗುಜರಿಗೆ ಪೂಜೆ ಆಗಿಲ್ಲವಲ್ಲ, ದೋಷವಿಲ್ಲ — ನನ್ನ ಬುದ್ಧಿವಂತಿಕೆ ನೋಡಿ. ಹಿಡಿ ಕೂರಿಸೋ ಚೂಪು ಬಾಲವನ್ನೇ ಬರಿಗೈಯಲ್ಲಿ ಹಿಡಿದು ತಿಕ್ಕಿದೆ. ಏಳೆಂಟು ಹಲ್ಲು ಆಗಿತ್ತು. ಅರ ಕಚ್ಚಿ ನಿಂತಿತು, ಕೈ ನಿಲ್ಲಲಿಲ್ಲ. ಬಾಲ ಬಲ ಅಂಗೈಯೊಳಗೆ, ಹೆಬ್ಬೆರಳ ಬುಡಕ್ಕೆ ಹೋಯ್ತು.

ದನವನ್ನು ಪಕ್ಕದ ಮನೆ ಗರಗಸದಲ್ಲಿ ಬಿಡಿಸಿದರಂತೆ. ಚೆನ್ನಾಗಿದೆ. ನನಗೆ ಐದು ಹೊಲಿಗೆ. ಹೆಬ್ಬೆರಳು ಒಳಕ್ಕೆ ಬಾಗ್ತಿಲ್ಲ. ಬಾವು ಇಳಿಯಲಿ, ನೋಡೋಣ ಅಂದಿದ್ದಾರೆ.

31-10-2007, ಬುಧವಾರ

ಹೊಲಿಗೆ ಬಿಚ್ಚಿದರು. ಮನೆಗೆ ಬಂದವನೇ ದೊಡ್ಡ ಚಪ್ಪಟೆ ಅರ ಎತ್ತಿದೆ. ಜಾರಿ ಕಾಲ ಹತ್ತಿರ ಬಿತ್ತು. ಬಸಮ್ಮ ಒಳಗಿಂದ, “ಎಂತ ಬಿತ್ತು?” ಅಂದಳು. ಬೆಕ್ಕು ಅಂದೆ. ಬೆಕ್ಕು ಅವಳ ಕಾಲ ಬಳಿಯೇ ಮಲಗಿತ್ತಂತೆ.

ಹಿಡಿ ಸಣ್ಣದಾಯ್ತು, ಅದೇ ತೊಂದರೆ. ಬೆರಳು ಪೂರ್ತಿ ಮುಚ್ಚಲ್ಲ ಅಂದರೆ ಹಿಡಿ ದಪ್ಪ ಆಗಬೇಕು. ಅಷ್ಟೇ ಲೆಕ್ಕ. ಸೈಕಲ್ ಹ್ಯಾಂಡಲ್‌ನ ರಬ್ಬರ್ ಗ್ರಿಪ್ ಕಿತ್ತು ತೊಡಿಸಿದೆ — ತಿರುಗುತ್ತೆ. ಪೇರಲೆ ಗೆಣ್ಣು ಕಡಿದು ಮಾಡಿದೆ — ಇನ್ನೂ ಹಸಿ, ಸೀಳಿತು. ಸೀಳದ ಹಾಗೆ ಹಿಡಿಯ ಕುತ್ತಿಗೆಗೆ ಬಳೆ ಬೇಕು. ಕೋವಿಯ ಖಾಲಿ ತೋಟಾ ಒಂದಿತ್ತು, ಅದರ ಹಿತ್ತಾಳೆ ಬುಡ ಕೊಯ್ದೆ. ಒಳ್ಳೇ ಬಳೆ. ನನಗೆ ತಲೆ ಓಡುತ್ತೆ. ಕೈ ಮಾತ್ರ ಓಡ್ತಿಲ್ಲ.

3-11-2007, ಶನಿವಾರ

ಮನೇಲಿ ಕೂರೋಕಾಗಲ್ಲ. ಬೆಳಿಗ್ಗೆ ಬಸ್ ಹತ್ತಿ ಕೊಪ್ಪ. ಹಾರ್ಡ್‌ವೇರ್ ಅಂಗಡಿಯವನು ರೆಡಿಮೇಡ್ ಪ್ಲಾಸ್ಟಿಕ್ ಹಿಡಿ ತೋರಿಸಿದ. ಹಿಡಿದು ನೋಡಿ ವಾಪಸ್ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಶೃಂಗೇರಿ ಗಾಡಿ ನಿಂತಿತ್ತು. ಹತ್ತಿಬಿಟ್ಟೆ.

ಶೃಂಗೇರಿಯಲ್ಲಿ ಸುಬ್ರಾಯನ ಮರ ಕಡೆಯೋ ಅಂಗಡಿ. ಯಾತ್ರಿಕರಿಗೆ ಲಟ್ಟಣಿಗೆ, ಬುಗುರಿ ಮಾಡಿ ಮಾರುತ್ತಾನೆ. ಹಳೇ ಸ್ನೇಹಿತ. ಕಾಫಿ ಗಿಡದ ಬೊಡ್ಡೆ ಕಡೆದು ಕೊಡು, ಇಷ್ಟು ದಪ್ಪ ಇರಲಿ ಅಂತ ಅಳತೆ ತೋರಿಸಿದೆ.

“ಎಂತ ಮಾರಾಯ, ಇದು ಅರಕ್ಕೋ ಒನಕೆಗೋ?”

“ನೀನು ಕಡೆದು ಕೊಡು.”

ಕಡೆದ. ಕಾಫಿ ಮರ ಒಳ್ಳೇ ಗಟ್ಟಿ, ನುಣುಪು. ಅಂಗೈ ತುಂಬ ಕೂತಿತು. ಹೆಬ್ಬೆರಳು ಹೊರಗೇ ನಿಂತಿತು, ನಂಟರ ಮನೇಲಿ ಸಂಕೋಚ ಪಟ್ಟ ಹಾಗೆ. ಸುಬ್ರಾಯ ನಗಲಿಲ್ಲ. ಅದು ನನಗೆ ಹಿಡಿಸಲಿಲ್ಲ.

5-11-2007, ಸೋಮವಾರ

ಸುಲಿಯೋ ಗುಂಪಿನ ಪುಟ್ಟಕ್ಕ ಆರು ಮೆಟ್ಟುಗತ್ತಿ ತಂದು ಸುರಿದಳು. “ಗುರುವಾರಕ್ಕೆ ಬೇಕು ಸೋಮಣ್ಣ,” ಅಂದಳು. ನನ್ನ ಕೈ ನೋಡಿ ಕತ್ತಿ ವಾಪಸ್ ತೆಗೆಯೋಕೆ ಬಗ್ಗಿದಳು.

ಬಸಮ್ಮ ಅಡ್ಡ ಬಂದಳು. “ಇಟ್ಟು ಹೋಗೇ ಪುಟ್ಟಕ್ಕ.” ಆಮೇಲೆ ನನಗೆ: “ನೀವು ಬಾಯಲ್ಲಿ ಹೇಳಿ, ನಾನು ಕೈಯಲ್ಲಿ ಮಾಡ್ತೀನಿ. ನಿಮ್ಮ ಕೈ ಬರೋ ತನಕ ತಾನೆ.”

ಇಡೀ ಮಧ್ಯಾಹ್ನ ಕೂಗಾಡಿದೆ. ಹಿಂದಕ್ಕೆ ಎಳೆಯುವಾಗ ಎತ್ತು, ಒತ್ತಬೇಡ, ಮೊಣಕೈ ಒಳಗೆ. ಕೊನೆಗೆ ಅರ ಕೆಳಗಿಟ್ಟು, “ನೀವು ಸ್ವಲ್ಪ ಆಚೆ ಹೋಗಿ ಬನ್ನಿ,” ಅಂದಳು. ಹೋದೆ. ಬಂದು ನೋಡಿದರೆ ಒಂದು ಕತ್ತಿ ಸರಿಯಾಗಿಯೇ ಬಂದಿದೆ. ಪರವಾಗಿಲ್ಲ ಅಂದೆ. ಹೊಟ್ಟೆಕಿಚ್ಚಾಯ್ತು. ನಿಜ, ಹೊಟ್ಟೆಕಿಚ್ಚೇ.

6-11-2007, ಮಂಗಳವಾರ

ಶಿವಮೊಗ್ಗದ ನರದ ಡಾಕ್ಟರು. ಒಬ್ಬನೇ ಹೋಗಿದ್ದೆ. ಸೂಜಿ ಚುಚ್ಚಿ, ಚುಚ್ಚಿ, ಇಲ್ಲಿ ಗೊತ್ತಾಗುತ್ತಾ, ಇಲ್ಲಿ? ಇಲ್ಲ. ಇಲ್ಲ.

“ನರ ತುಂಡಾಗಿದೆ. ಊಟ, ಬರವಣಿಗೆ ಹೇಗೋ ಮಾಡ್ಕೊತೀರಿ. ಆಪರೇಷನ್ ಮಾಡಿದರೂ ಒತ್ತಿ ಹಿಡಿಯೋ ಬಲ ಬರಲ್ಲ. ಬೇರೆ ಕೆಲಸ ನೋಡ್ಕೊಳ್ಳಿ.”

ಬಸ್ಸಿನಲ್ಲಿ ಇಡೀ ದಾರಿ ಕೈ ಜೇಬಿನಲ್ಲೇ ಇತ್ತು. ಬಸಮ್ಮ ಬಾಗಿಲಲ್ಲೇ ಕಾಯ್ತಿದ್ದಳು. ಏನಂದ್ರು ಅಂದಳು. ಮೂರು ತಿಂಗಳಲ್ಲಿ ಸರಿಹೋಗುತ್ತಂತೆ ಅಂದೆ. ಬಾಯಿ ತಾನಾಗಿ ಹೇಳಿತು. ಅವಳು ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು, ನಗುತ್ತಾ ಕಣ್ಣೊರೆಸಿಕೊಂಡಳು.

ದೀಪಾವಳಿ ಎದುರಿಗಿದೆ. ಹಬ್ಬ ಕಳೆದ ಮೇಲೆ ಹೇಳೋಣ.

12-11-2007, ಸೋಮವಾರ

ಹಬ್ಬ ಕಳೀತು. ಹೇಳಿಲ್ಲ.

ಪೆನ್ನಿಗೂ ಹಿಡಿ ಹಾಕಿದೆ. ಕಾಫಿ ಮರದ್ದು. ಈಗ ಬಲಗೈಯಲ್ಲೇ ಬರೀತಿದ್ದೀನಿ. ಒನಕೆ ಹಿಡಿದು ಕುಟ್ಟಿದ ಹಾಗಿದ್ದರೂ ಬರೀತೀನಿ.

ಬಿಸ್ಕೆಟ್ ಡಬ್ಬಿಯಲ್ಲಿ ಈಗ ಅರದ ಹಿಡಿ ಹನ್ನೊಂದು. ಉರುಟು, ಚಪ್ಪಟೆ, ಚೆಂಡಿನ ಥರದ್ದು, ಮಣಿಕಟ್ಟಿಗೆ ಬೆಲ್ಟ್ ಕಟ್ಟೋದು. ಒಂದರಲ್ಲೂ ನಾಲ್ಕು ಸಲಕ್ಕಿಂತ ಎಳೆಯೋಕಾಗಲ್ಲ. ಆಗಲ್ಲ ಅಂತ ಗೊತ್ತಿದ್ದೂ ಮಾಡ್ತೀನಿ. ಬೆಳಿಗ್ಗೆ ಆದರೆ ಸಾಕು, ಕಾಲು ಬಸ್ ಸ್ಟ್ಯಾಂಡಿಗೆ ಎಳೆಯುತ್ತೆ. ಕಮ್ಮರಡಿಗೆ ಹೋಗಿ ಬೊಡ್ಡೆ ತಂದೆ. ಮನೇಲಿ ಕೂತರೆ ಅವಳು ಅರ ಹಾಕೋ ಸದ್ದು ಕೇಳಬೇಕು. ಆ ಸದ್ದು ದಿನಾ ಚೆನ್ನಾಗಾಗ್ತಿದೆ.

17-11-2007, ಶನಿವಾರ

ಇವತ್ತು ಕಣ್ಣಿಗೆ ಬಿತ್ತು. ಇಷ್ಟು ದಿನ ಕತ್ತಿ ಬಾಯಿಯನ್ನೇ ನೋಡ್ತಿದ್ದೆ, ಅರದ ಹಿಂದಿನ ತುದಿ ನೋಡಿರಲಿಲ್ಲ. ಹಿಡಿ ಇಲ್ಲ. ಬಸಮ್ಮ ಅದನ್ನು ಕಳಚಿಟ್ಟು, ಬಾಲಕ್ಕೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡು ತಿಕ್ಕುತ್ತಿದ್ದಾಳೆ.

ಕಿತ್ತುಕೊಂಡೆ. “ಬುದ್ಧಿ ಇದೆಯಾ ನಿನಗೆ? ಅಂಗಡಿಯಲ್ಲಿ ಇಷ್ಟು ಹಿಡಿ ಇದೆ —”

“ಅದೆಲ್ಲ ನಿಮ್ಮ ಕೈಯವು. ಮೊದಲಿನವೂ ದಪ್ಪ, ಈಗ ಮಾಡಿದವು ಕೇಳೋದೇ ಬೇಡ. ಕುಂಬಳಕಾಯಿ ಹಿಡಿದ ಹಾಗಾಗುತ್ತೆ, ಜಾರುತ್ತೆ.”

“ಹೇಳೋಕೇನಾಗಿತ್ತು?”

“ಇನ್ನು ಎರಡು ಎರಡೂವರೆ ತಿಂಗಳಲ್ಲಿ ನಿಮ್ಮ ಕೈ ಬರುತ್ತಲ್ಲ. ಅಷ್ಟಕ್ಕೆ ನನಗೊಂದು ಬೇರೆ ಯಾಕೆ, ಇರಲಿ ಬಿಡಿ.” ಅರ ವಾಪಸ್ ಇಸ್ಕೊಂಡಳು.

ಹೆದರಿಕೆಯಾಯ್ತು. ನನಗೆ ಚುಚ್ಚಿದಾಗಲೂ ಇಷ್ಟು ಆಗಿರಲಿಲ್ಲ. ನಾನು ಹೇಳಿದ ಸುಳ್ಳು ನಂಬಿ ಆ ಮೊನೆ ಮೇಲೆ ಅಂಗೈ ಇಟ್ಟು ಒತ್ತುತ್ತಿದ್ದಾಳೆ. ಎರಡು ವಾರದಿಂದ. ಹನ್ನೊಂದು ಹಿಡಿ ಮಾಡಿದೆ, ಊರೂರು ತಿರುಗಿದೆ, ಕೆಲಸ ಮಾಡ್ತಿರೋ ಕೈಗೆ ಒಂದು ಮಾಡಬೇಕು ಅಂತ ಹೊಳೆಯಲಿಲ್ಲ. ಥೂ.

18-11-2007, ಭಾನುವಾರ

ಹೇಳೋಕೆ ಎರಡು ಸಲ ಬಾಯಿ ತೆಗೆದೆ. ಒಂದು ಸಲ ಕಾಫಿ ಕೇಳಿದೆ. ಇನ್ನೊಂದು ಸಲವೂ ಕಾಫಿ.

20-11-2007, ಮಂಗಳವಾರ

ಅವಳು ಸ್ನಾನಕ್ಕೆ ಹೋದಾಗ ಅರದಿಂದ ಆ ಚಿಂದಿ ಕಳಚಿದೆ. ಎಣ್ಣೆ, ಕಬ್ಬಿಣದ ಪುಡಿ ಕುಡಿದು ಗಟ್ಟಿಯಾಗಿದೆ. ಅವಳ ಮುಷ್ಟಿ ಹಾಗೇ ಅಚ್ಚು ಬಿದ್ದಿದೆ, ನಾಲ್ಕು ಬೆರಳಿಗೂ ತಗ್ಗು. ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಶೃಂಗೇರಿ ಬಸ್.

ಸುಬ್ರಾಯ ತಿರುಗಿಸಿ ಮುರುಗಿಸಿ ನೋಡಿದ. “ಇದು ನಿನ್ನ ಕೈ ಅಲ್ಲ ಮಾರಾಯ.”

“ಅಲ್ಲ.”

“ಹಾಗಾದ್ರೆ ನಿಂದು…”

“ಇಲ್ಲ ಮಾರಾಯ. ಬರಲ್ಲ.”

ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಹೇಳಿದ್ದು ಇವನಿಗೆ. ಸುಬ್ರಾಯ ಮೆಷಿನ್ ಆಫ್ ಮಾಡಿ ಚಹಾ ತರಿಸಿದ. ಕುಡಿದ ಮೇಲೆ ಒಣಗಿದ ಕಾಫಿ ಬೊಡ್ಡೆ ಆರಿಸಿ, ಚಿಂದಿಯ ಅಳತೆಗೆ ಕಡೆದ. ನಾಲ್ಕು ಸಲ ತೆಗೆದು ತಾಳೆ ನೋಡಿದ. ಅಷ್ಟು ಸಣ್ಣ ಹಿಡಿ. ನನ್ನ ಎರಡು ಬೆರಳಿಗೆ ಸಾಕಾಗುತ್ತೆ.

21-11-2007, ಬುಧವಾರ

ಚಿಂದಿ ಹುಡುಕಿದಳು. ಇಲಿ ಒಯ್ದಿರಬೇಕು ಅಂದೆ. ಅರ ಮುಟ್ಟಬೇಡ, ಇವತ್ತು ಕೆಲಸ ಬೇಡ ಅಂದೆ. ಪುಟ್ಟಕ್ಕ ಮತ್ತೆ ಕತ್ತಿ ತಂದಿದ್ದಾಳೆ, ಹೇಗೆ ಬೇಡ ಅನ್ನೋದು ಅಂದಳು. ಬೇಡ ಅಂದರೆ ಬೇಡ. ನನ್ನ ಮುಖ ನೋಡಿ ಒಳಗೆ ಹೋದಳು.

ಬಾಲ ಕಾಯಿಸಿ ಹಿಡಿಗೆ ಇಳಿಸಿದೆ. ಬಳೆ ಕೂರಿಸಿದೆ. ಎಡಗೈಯಲ್ಲಿ, ಎರಡು ಗಂಟೆ ಹಿಡೀತು. ಒಂದು ಚೂರೂ ಅಲ್ಲಾಡಲ್ಲ.

22-11-2007, ಗುರುವಾರ. ಸಂಜೆ ಐದೂವರೆ.

ಕೊಟ್ಟೆ.

ತಗೊಂಡಳು. ಹಿಡಿ ಸುತ್ತ ಬೆರಳು ಮುಚ್ಚಿದಳು. ಮುಚ್ಚಿದ್ದು ಬಿಚ್ಚಲಿಲ್ಲ. “ಸರಿಯಾಗಿದೆ,” ಅಂದಳು. ಆಮೇಲೆ, “ಎರಡು ತಿಂಗಳಿಗೆ ಇಷ್ಟು ಚಂದದ್ದು ಯಾಕೆ ಮಾಡಿಸಿದ್ರಿ?”

ವೈಸಿನ ಮೇಲಿನ ಪುಡಿ ಒರೆಸಿದೆ.

“ಡಾಕ್ಟರು ಏನಂದ್ರು?”

“ಬರಲ್ಲ ಅಂದ್ರು.”

“ಯಾವತ್ತು ಅಂದಿದ್ದು?”

“ಆವತ್ತೇ.”

“ಹದಿನಾರು ದಿನ ಒಬ್ಬರೇ ಇಟ್ಕೊಂಡಿದ್ರಾ,” ಅಂದಳು. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಬೆನ್ನು ತಿರುಗಿಸಿ, ಪುಟ್ಟಕ್ಕನ ಕತ್ತಿ ವೈಸಿಗೆ ಕಚ್ಚಿಸಿ, ಅರ ಎಳೆಯೋಕೆ ಶುರು ಮಾಡಿದಳು. ನಾನು ಒಳಗೆ ಬಂದೆ. ಏನು ಮಾಡಬೇಕು ತೋಚದೆ ಇದನ್ನು ತೆಗೆದು ಬರೀತಾ ಕೂತಿದ್ದೀನಿ.

ಇನ್ನೂ ನಿಲ್ಲಿಸಿಲ್ಲ. ಆ ಕತ್ತಿಗೆ ಮೂವತ್ತು ಸಲ ಎಳೆದರೆ ಹೆಚ್ಚಾಯ್ತು. ಎಣಿಸೋದು ಬಿಟ್ಟು ಎಷ್ಟೋ ಹೊತ್ತಾಯ್ತು. ಅಳೋದು ನನಗೆ ಕೇಳಿಸಬಾರದು ಅಂತ ಉಜ್ಜುತ್ತಿದ್ದಾಳೆ, ಗೊತ್ತಾಗುತ್ತೆ. ಇಪ್ಪತ್ತೆರಡು ವರ್ಷದ ಸಂಸಾರ, ಅಷ್ಟೂ ಗೊತ್ತಾಗದೇ ಇರುತ್ತಾ. ಕತ್ತಿ ಸವೆದು ದಬ್ಬಳ ಆಗುತ್ತೆ. ಸಾಕು ಬಿಡೇ ಅನ್ನಬೇಕು. ಕೈ ಹಿಡಿದು ನಿಲ್ಲಿಸಬೇಕು. ಎಡಗೈ ಇದೆಯಲ್ಲ. ಏಳ್ತೀನಿ. ಎದ್ದು ಹೋಗಿ —