ಹಳ್ಳದಾಚೆಯ ಸಮುದಾಯ ಭವನ

೧೪ ನವೆಂಬರ್ ೨೦೨೪, ಗುರುವಾರ

ಇನ್ನೂ ಮೈ ಉರಿಯುತ್ತಿದೆ. ನಮ್ಮ ಓಣಿಯ ಸಮುದಾಯ ಭವನಕ್ಕೆ ಹಳ್ಳದಾಚೆ ಜಾಗ ಗೊತ್ತು ಮಾಡಿದ್ದಾರೆ! ಓಣಿಯ ಬಾಯಲ್ಲೇ, ನೀರಿನ ಟಾಕಿಯ ಪಕ್ಕ, ಪಂಚಾಯತಿಯ ಜಾಗ ಖಾಲಿ ಬಿದ್ದಿದೆ. ಅದು ಬೇಡವಂತೆ. ಅದರ ಎದುರಿಗೇ ಪಂಚಾಯತಿ ಅಧ್ಯಕ್ಷರ ಹೊಸ ಮನೆ ಇದೆಯಲ್ಲ! ಲಗ್ನ, ಜಯಂತಿ ಎಂದು ನಮ್ಮ ಮಂದಿ ಅವರ ಬಾಗಿಲ ಮುಂದೆ ಸೇರಬಾರದು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಜಾಗ ತೋರಿಸಲು ಅಧ್ಯಕ್ಷರು ಇಂಜಿನಿಯರನ್ನು ಜೀಪಿನಲ್ಲಿ ಕರೆದುಕೊಂಡು ಹೊರಟರು. ಓಣಿಯ ಹಿರಿಯಳು ಲಕ್ಷ್ಮಿಬಾಯಿ ಆಯಿ, "ನಾ ನಡಕೋತನ ಬಂದ ನೋಡ್ತೀನಿ" ಎಂದು ಕೋಲು ಹಿಡಿದು ಹೊರಟೇಬಿಟ್ಟಳು. ನಾನೂ ಜೊತೆಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳಿಗೆ ಹೆದರಿ ಮೂರು ಸಲ ರಸ್ತೆ ಬಿಟ್ಟು ಇಳಿದೆವು. ಹಳ್ಳದ ದಂಡೆಯಲ್ಲಿ ಆಯಿ ಏದುಸಿರು ಬಿಡುತ್ತ ಕುಳಿತುಬಿಟ್ಟಳು. ಅಷ್ಟರಲ್ಲಿ ಜೀಪು ತಿರುಗಿ ಬಂತು.

"ಹತ್ರಿ ಆಯಿ, ಮನಿಗೆ ಬಿಡ್ತೀವಿ" ಎಂದರು ಅಧ್ಯಕ್ಷರು.

"ಇವತ್ತೇನೋ ಹತ್ತೇನ್ರಿ. ನಾಳೆ ಬಸರಿ ಹೆಣ್ಮಕ್ಕಳು, ನನ್ನಂಥ ಮುದುಕ್ಯಾರು ಬರೂಮುಂದ ದಿನಾ ಜೀಪ ಕಳಸ್ತೀರೇನ್ರಿ?"

ಇಂಜಿನಿಯರ್ ತಲೆ ತಗ್ಗಿಸಿದ. "ಮಂಗಳವಾರ ಮತ್ತ ಸಭಾ ಕರಿಯೂಣು" ಎಂದು ಗೊಣಗಿ ಅಧ್ಯಕ್ಷರು ಹೊರಟುಹೋದರು. ಆಯಿ ಜೀಪು ಹತ್ತಲಿಲ್ಲ.

ಆದರೆ ಈ ಓಣಿಯಿಂದ ಆರಿಸಿಬಂದ ಪಂಚಾಯತಿ ಸದಸ್ಯೆ ನಾನು. ಹೋದ ವಾರ ಸಭೆಯಲ್ಲಿ ಹಳ್ಳದಾಚೆಯ ಜಾಗದ ಠರಾವಿಗೆ ಓದದೆ ಸಹಿ ಹಾಕಿದವಳೂ ನಾನೇ. ಬರುವಾಗ ದಾರಿಯಲ್ಲಿ ಆಯಿಗೆ ಹೇಳಿಬಿಟ್ಟೆ.

"ಮಂಗಳವಾರ ಓದಿ ಸಹಿ ಮಾಡವಾ, ಸ್ನೇಹಲ" ಎಂದಳು.

ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.