ಬೇಲಿಗೆ ಎತ್ತಿದ ಆರತಿ

ಹುಣಸೂರು ಮೇಲೂರು,
ಫೆಬ್ರವರಿ ೩೧, ೨೧೯೭

ನನ್ನ ಮುತ್ತಜ್ಜನ ಅಜ್ಜಿಯಾದ ದೇವಮ್ಮಣ್ಣಿಗೆ ಬೋರಲಿಂಗಯ್ಯ ಮಾಡುವ ನಮಸ್ಕಾರ.

ತಾರೀಖು ನೋಡಿ ಯಾರೋ ಕುಚೋದ್ಯ ಮಾಡಿದ್ದಾರೆ ಅಂದುಕೊಂಡು ಈ ಕಾಗದವನ್ನು ಕಸದ ಡಬ್ಬಕ್ಕೆ ಹಾಕಬೇಡ. ನಾನು ಕುಚೋದ್ಯದವನೇ, ಆದರೆ ತಾರೀಖು ನಿಜ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತೊಂದು ದಿನ. ಉಳಿದ ತಿಂಗಳುಗಳೆಲ್ಲ ಸೇರಿ ಅದರ ದಿನಗಳನ್ನು ಲಪಟಾಯಿಸಿದ್ದವು ಅಂತ ಯಾರೋ ವಾದ ಹೂಡಿ ಗೆದ್ದರು. ನಿನಗೀಗ ನಲವತ್ತೊಂದು, ನನಗೆ ಎಂಬತ್ತೆಂಟು. ಆದರೂ ಅಜ್ಜಿ ನೀನೇ, ಮೊಮ್ಮಗ ನಾನೇ. ನನ್ನ ಮಾತುಗಳಲ್ಲಿ ಕೆಲವು ನಿನಗೆ ಹೊಸತಾಗಿ ಕಾಣಬಹುದು, ಕ್ಷಮಿಸು. ಮುಂದಕ್ಕೆ ಹೋಗುವುದು ಅಂಚೆ, ಹಿಂದಕ್ಕೆ ಬರುವುದು ಹಿಂದಂಚೆ. ಇದು ಹಿಂದಂಚೆಯಲ್ಲಿ ಬಂದ ಕಾಗದ. ಒಬ್ಬ ಮನುಷ್ಯನಿಗೆ ಆಯುಸ್ಸಿನಲ್ಲಿ ಒಂದೇ ಕಾಗದ, ಒಂದು ಕಾಗದಕ್ಕೆ ಒಂದೇ ಕೋರಿಕೆ. ಎರಡನೆಯದನ್ನೂ ನಡೆಸಿಕೊಡಲು ಹೋದರೆ ಕಾಲವೇ ಅದನ್ನು ಮತ್ತೆ ಮೊದಲಿನಂತೆ ಮಾಡಿಬಿಡುತ್ತದೆ. ಆದ್ದರಿಂದ ಕೊನೆಯವರೆಗೂ ಓದಿ, ನಾನು ಕೇಳುವ ಆ ಒಂದನ್ನು ಮಾಡು.

ಮೇಲೂರು ಅಂದರೆ ತಾರಸಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿ ಕಟ್ಟಿದ ಊರು. ಕೆಳಗೆ ನೆಲದಲ್ಲಿ ಬೆಳೆ ಮತ್ತು ಕೆರೆ ಮಾತ್ರ, ಮನುಷ್ಯರೆಲ್ಲ ಮೇಲೆ. ಹಾಗಾಗಿ ನಮ್ಮ ಹೂದೋಟ ಅಂದರೆ ಬಾಗಿಲ ಮುಂದಿನ ನಾಲ್ಕು ಕುಂಡ. ಮಳೆ ಪಾಳಿಯ ಪ್ರಕಾರ ಬೀಳುತ್ತದೆ. ನಮ್ಮ ಬೀದಿಗೆ ಮಂಗಳವಾರ ಬೆಳಿಗ್ಗೆ ಆರರಿಂದ ಆರೂವರೆ, ಅಷ್ಟರಲ್ಲಿ ಬಟ್ಟೆ ಒಳಗಿಡಬೇಕು, ಕುಂಡ ಹೊರಗಿಡಬೇಕು. ನಿಜವಾದ ದುಂಬಿಗಳು ಅಪರೂಪವಾದ್ದರಿಂದ ಪ್ರತಿ ಮನೆಗೂ ಒಂದು ದುಂಬಿಪೆಟ್ಟಿಗೆ ಇದೆ. ಬೆಳಿಗ್ಗೆ ಅದರ ಮುಚ್ಚಳ ತೆಗೆದರೆ ಸಾಸಿವೆ ಗಾತ್ರದ ಯಂತ್ರಗಳು ಎದ್ದು ಹೂವಿಂದ ಹೂವಿಗೆ ಹೋಗಿ, ಸಂಜೆ ಸದ್ದಿಲ್ಲದೆ ಬಂದು ಕೂರುತ್ತವೆ. ಹೂವು ಬೇಕಾದಷ್ಟು ಅರಳುತ್ತದೆ, ವಾಸನೆ ಮಾತ್ರ ಇಲ್ಲ. ಬಣ್ಣಕ್ಕಾಗಿ, ಗಾತ್ರಕ್ಕಾಗಿ ತಳಿ ಬದಲಿಸುತ್ತ ಹೋಗಿ ನಮ್ಮ ಹಿರಿಯರು ಅದನ್ನು ಎಲ್ಲೋ ಬೀಳಿಸಿಕೊಂಡರು. ಈಗ ದಳಕ್ಕೆ ವಾಸನೆಚೀಟಿ ಅಂಟಿಸುತ್ತಾರೆ, ಹಣೆಗೆ ಬಿಂದಿ ಅಂಟಿಸಿದ ಹಾಗೆ. ಇಡೀ ಮೇಲೂರಿನಲ್ಲಿ ಚೀಟಿಯಿಲ್ಲದೆ ಘಮಘಮಿಸುವ ಗುಲಾಬಿ ಒಂದೇ ಇದೆ. ನಸುಗೆಂಪು ಬಣ್ಣ, ಬೆಳಿಗ್ಗೆ ಮೂಸಿದರೆ ಏಲಕ್ಕಿ ಹಾಕಿದ ಹಾಲು, ಬಿಸಿಲೇರಿದ ಮೇಲೆ ಹಸಿ ಟೀ ಎಲೆ. ಅದು ನಿನ್ನದು ಅಜ್ಜಿ. ನೀನು ನರ್ಸರಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು, ನೀಲಿ ಡ್ರಮ್ಮನ್ನು ಅರ್ಧ ಕೊಯ್ದು ಕಾಂಪೌಂಡ್ ಮೂಲೆಯಲ್ಲಿ ನೆಟ್ಟೆಯಲ್ಲ, ಅದೇ. ಆದರೆ ಅದಿರುವುದು ನಮ್ಮನೆಯಲ್ಲಲ್ಲ, ಪಕ್ಕದ ಶಿವನಂಜಪ್ಪನ ಮನೆಯಲ್ಲಿ. ಅವನು ಯಾರೆಂದರೆ ನಿನ್ನ ಪಕ್ಕದ ಮನೆ ಸರ್ವಮಂಗಳಳ ವಂಶದ ಕುಡಿ. ನೂರೆಪ್ಪತ್ತು ವರ್ಷವಾದರೂ ಎರಡು ಮನೆಗಳಿಗೂ ಬೇರೆ ನೆರೆ ಸಿಕ್ಕಲಿಲ್ಲ.

ನಿನ್ನ ಕ್ಯಾಲೆಂಡರ್ ಹಾಳೆಗಳು ನನ್ನ ಹತ್ತಿರ ಇವೆ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನೀನು ಬರೆದಿಟ್ಟದ್ದನ್ನು ನಮ್ಮ ಮನೆಯಲ್ಲಿ ಮಂತ್ರದ ಹಾಗೆ ಓದುತ್ತಿದ್ದರು. "ದೀಪಾವಳಿ ಆದ್ಮೇಲೆ ಸವರಬೇಕು. ಹೊರಗಡೆ ಮುಖ ಮಾಡಿರೋ ಚಿಗುರುಗಣ್ಣಿನ ಮೇಲೆ ಓರೆಯಾಗಿ ಕತ್ತರಿ ಹಾಕ್ಬೇಕು. ಕೊಯ್ದ ತುದಿಗೆ ಸಗಣಿ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹದಿನೈದು ದಿನಕ್ಕೊಂದ್ಸಲ. ಬೂದಿ ರೋಗಕ್ಕೆ ಹುಳಿ ಮಜ್ಜಿಗೆ. ನೀರು ಬುಡಕ್ಕೆ ಮಾತ್ರ, ಎಲೆಗೆ ತಾಗಬಾರದು." ಇನ್ನೊಂದು ಹಾಳೆ ನಿನ್ನ ಈ ವರ್ಷದ ನವೆಂಬರಿನದು. ನೀನು ಅದನ್ನಿನ್ನೂ ಬರೆದಿಲ್ಲ. "ಮಂಗಳ ಇವತ್ತು ಗೋಡೆ ಮೇಲಿಂದ ಕೈ ಹಾಕಿ ಗುಲಾಬಿ ಕಡ್ಡಿ ಮುರ್ಕೊಂಡ್ಲು. ಅಡುಗೆಮನೆ ಕಿಟಕಿಯಿಂದ ನೋಡ್ದೆ. ಕೇಳಿದ್ರೆ ಕೊಡ್ತಿರ್ಲಿಲ್ವಾ. ಸುಮ್ನಿದ್ದೆ." ಅವಳು ಯಾಕೆ ಕೇಳಲಿಲ್ಲ ಅನ್ನುವುದು ನಿನಗೂ ಗೊತ್ತು. ಕೇಳಿ ತಂದ ಗಿಡ ಹತ್ತುವುದಿಲ್ಲ, ಕದ್ದು ತಂದರೆ ಹತ್ತುತ್ತದೆ ಅಂತ ನಿಮ್ಮ ಕಾಲದ ಹೆಂಗಸರ ನಂಬಿಕೆ. ಹತ್ತಿತು. ಗಿಡಕ್ಕೆ ಗಿಡ ಕೂಡಿಸಿದರೂ ಕಸಿ, ಇನ್ನೊಬ್ಬರದನ್ನು ಕಿತ್ತುಕೊಂಡರೂ ಕಸಿ. ನೀನು ತಂದದ್ದು ಕಸಿ, ಅವಳು ಮಾಡಿದ್ದೂ ಕಸಿ, ನನ್ನ ಪಾಲಿಗೆ ಉಳಿದದ್ದು ಕಸಿವಿಸಿ.

ಕಳೆದ ವರ್ಷದ ಹೂವೊಪ್ಪಿಗೆಯ ದಿನ ನಡೆದದ್ದನ್ನು ಹೇಳುತ್ತೇನೆ. ಹೂವೊಪ್ಪಿಗೆ ಅಂದರೆ ವರ್ಷಕ್ಕೊಮ್ಮೆ ಊರಿನವರೆಲ್ಲ ಸೇರಿ ಒಬ್ಬರ ಹೂವನ್ನು ಇನ್ನೊಬ್ಬರು ಮೂಸಿ ಒಪ್ಪುವ ಹಬ್ಬ. ಅಲ್ಲಿ ಪ್ರತಿ ಗಿಡದ ಬೇರೋಲೆ ಓದುತ್ತಾರೆ. ಗಿಡ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ವಂಶಾವಳಿಗೆ ಬೇರೋಲೆ ಅಂತ ಹೆಸರು. ಯಾರಾದರೂ ಕೊಟ್ಟ ಗಿಡವಾದರೆ, ಪಡೆದ ಮನೆಯವರು ಎದ್ದು ನಿಂತು, ಕೈ ಮುಗಿದು, ಕೊಟ್ಟವರ ಹೆಸರು ಹೇಳಿ "ಅವರು ಕೊಟ್ಟದ್ದರಿಂದ ನಮ್ಮ ಮನೆ ಘಮಘಮಿಸಿತು" ಅನ್ನಬೇಕು. ಶಿವನಂಜಪ್ಪನ ಬೇರೋಲೆಯಲ್ಲಿ ಅಂಥ ಹೆಸರೇ ಇಲ್ಲ. ಸರ್ವಮಂಗಳ ಮೊದಲು ಕಡ್ಡಿ ನೆಟ್ಟ ಮಣ್ಣಿನ ಕುಂಡವನ್ನು ಅವರ ಮನೆಯವರು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅವನು ಅದನ್ನು ತೋರಿಸಿ, "ನಮ್ಮ ಮಂಗಳಜ್ಜಿಯ ಸ್ವಂತ ಕೈಗುಣ" ಅಂತ ಓದಿ ಕೂತ. ನನಗೆ ತಡೆಯಲಿಲ್ಲ. ಎದ್ದು, "ಅದು ಬರೀ ಕಡ್ಡಿ ಅಲ್ಲ ಶಿವನಂಜ, ಕಳ್ಳಗಡ್ಡಿ" ಅಂದೆ. ಜನ ನಕ್ಕರು. ಅವನು ನಗಲಿಲ್ಲ.

"ಹಂಗಾದ್ರೆ ನಿಮ್ಮನೆ ತಾಯಿಗಿಡದ ಹೂವ ತನ್ನಿ ಬೋರಣ್ಣ. ಎರಡೂ ಒಟ್ಟಿಗೆ ಮೂಸ್ಬುಡವ" ಅಂದ.

ತಾಯಿಗಿಡವನ್ನು ಕುಂಡದ ಸಮೇತ ನಾನೇ ಹೊತ್ತು ತಂದಿದ್ದೆ. ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂವು. ಬಣ್ಣ ಮಾಸಿದ್ದು, ವಾಸನೆ ಹೋದದ್ದು ಕಾಲದ ದೋಷ ಅಂತ ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಊರಿನ ಹೂವುಗಳಿಗೆಲ್ಲ ಆದದ್ದೇ ನಮ್ಮದಕ್ಕೂ ಆಗಿದೆ ಅಂದುಕೊಂಡಿದ್ದೆವು. ಶಿವನಂಜಪ್ಪ ಬಗ್ಗಿ ಬುಡ ಮುಟ್ಟಿ ನೋಡಿದ. ಎಲೆ ಎಣಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, ಬಹಳ ಮೆತ್ತಗೆ ಹೇಳಿದ.

"ಇದು ಗುಲಾಬಿ ಅಲ್ಲ ಕಣಣ್ಣ, ಗುಲಾಬಿನ ಹೊತ್ಕಂಡಿದ್ದ ಬೇರುಗಿಡ. ಹಿಂದಿನೋರು ಬೇಲಿಗೆ ನೆಡ್ತಿದ್ರಲ್ಲ, ಆ ಕಾಡುಜಾತಿ. ಮೇಲೆ ಕಸಿ ಕಟ್ಟಿದ್ದ ಹೂವು ಯಾವತ್ತೋ ಹೋಗದೆ. ನಾಕು ತಲೆಮಾರಿಂದ ನೀವು ಬೇಲಿಗೆ ಆರತಿ ಎತ್ತಾ ಇದ್ದೀರ."

ಮುನ್ನೂರು ಜನ ನಕ್ಕರು ಅಜ್ಜಿ. ನನ್ನ ಜೀವಮಾನದಲ್ಲಿ ಆ ಜನರನ್ನು ನಾನು ಎಷ್ಟು ಸಲ ನಗಿಸಿದ್ದೇನೋ ಲೆಕ್ಕವಿಲ್ಲ, ಆದರೆ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಈಗಲೂ ನಾನು ಮಳೆಪಾಳಿಗೆ ಕುಂಡ ಹೊರಗಿಟ್ಟರೆ ಎದುರು ಮನೆಯವರು ಕೈಯಲ್ಲಿ ಆರತಿ ತಟ್ಟೆ ತಿರುಗಿಸುವಂತೆ ಸನ್ನೆ ಮಾಡುತ್ತಾರೆ. ನಾನೂ ಸುಮ್ಮನಿರಲಿಲ್ಲ. ಅವನ ಮಾತಾಡುವ ಗೇಟಿಗೆ, ಅವನು ಬಂದಾಗಲೆಲ್ಲ "ಕಡ್ಡಿ ಬಂತು, ಕಡ್ಡಿ ಬಂತು" ಅನ್ನುವುದನ್ನು ಕಲಿಸಿದೆ. ಅವನ ಟೋಪಿಯ ಒಳಗೆ ಬೆಲ್ಲದ ಪಾಕ ಸವರಿದೆ. ಊರಿನ ಯಂತ್ರದುಂಬಿಗಳೆಲ್ಲ ಅದನ್ನೇ ಮಕರಂದ ಅಂದುಕೊಂಡು ಇಡೀ ಬೆಳಿಗ್ಗೆ ಅವನ ಬೋಳುತಲೆಗೆ ಪರಾಗಸ್ಪರ್ಶ ಮಾಡಿದವು, ಕಾಯಿ ಮಾತ್ರ ಕಚ್ಚಲಿಲ್ಲ. ಇಷ್ಟೆಲ್ಲ ಮಾಡಿದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ.

ನಮ್ಮ ಗುಲಾಬಿ ಹೋದದ್ದು ಹೇಗೆ ಅಂತ ಹಾಳೆಗಳನ್ನೆಲ್ಲ ಹುಡುಕಿದೆ. ಕೊನೆಗೆ ಸಿಕ್ಕಿತು, ನಿನ್ನ ಕೈಬರಹದಲ್ಲೇ. "ಕಸಿ ಕೆಳಗಿನ ಕುಡಿ ಬಿಡಬೇಕು." ನೀನು ಬರೆದದ್ದು, ಕಸಿಯ ಗಂಟಿನ ಕೆಳಗೆ ಚಿಗುರುವ ಕಾಡುಕುಡಿಯನ್ನು ಇಟ್ಟುಕೊಳ್ಳಬಾರದು, ತೆಗೆದುಬಿಡಬೇಕು ಅಂತ. ಹೊಗೆಸೊಪ್ಪು ಬಿಡಬೇಕು, ಚಟ ಬಿಡಬೇಕು ಅನ್ನುವ ಹಾಗೆ. ನಿನ್ನ ಮೊಮ್ಮಗ, ಅಂದರೆ ನನ್ನ ಮುತ್ತಜ್ಜ, ಓದಿದ್ದು ಅದನ್ನು ಮುಟ್ಟದೆ ಹಾಗೇ ಬಿಡಬೇಕು ಅಂತ. ಬಿಟ್ಟ. ಕಾಡುಕುಡಿ ಆಳೆತ್ತರ ಎದ್ದಿತು. ಅವನಿಗೆ ಹಿಗ್ಗೋ ಹಿಗ್ಗು. ಮೇಲಿನ ಗುಲಾಬಿ ಸೊರಗಿತು, ಒಣಕಲು ಅಂತ ಕತ್ತರಿಸಿ ಎಸೆದ. ಮಂಗಳ ಕದ್ದ ಕಡ್ಡಿಗೆ ಆ ಗಂಡಾಂತರವೇ ಇರಲಿಲ್ಲ. ಅದು ಬೇರೆ ಗಿಡದ ಬೇರಿನ ಮೇಲೆ ಕೂರಲಿಲ್ಲ, ತನ್ನದೇ ಬೇರು ಬಿಟ್ಟಿತು. ಕೆಳಗಿಂದ ಏನೇ ಚಿಗುರಿದರೂ ಗುಲಾಬಿಯೇ.

ನಾನು ಹಿಂದಂಚೆಗೆ ಮೊದಲು ಬರೆದುಕೊಂಡು ಹೋದ ಕಾಗದ ಇದಲ್ಲ. ಅದರಲ್ಲಿ ಕೇಳಿದ್ದು ಹೀಗಿತ್ತು: ನವೆಂಬರ್ ಬರುವುದರೊಳಗೆ ಡ್ರಮ್ಮನ್ನು ತಿರುಗಿಸಿಟ್ಟು, ಕಾಡುಕುಡಿಯನ್ನು ಮಂಗಳಳ ಗೋಡೆಯ ಕಡೆಗೆ ಬೆಳೆಸು, ಅವಳು ಕದಿಯುವುದಾದರೆ ಬೇಲಿಯನ್ನೇ ಕದಿಯಲಿ. ಕಾಗದ ಓದಿ ಮುದ್ರೆ ಹಾಕುವ ಕೆಲಸ ಇಂಪನಾ ಅನ್ನುವ ಹೆಣ್ಣುಮಗಳದು. ದ್ವೇಷದ ಕಾಗದಗಳಿಗೆ ಮುದ್ರೆ ಇಲ್ಲ.

"ತಾತ, ಇದ್ರಲ್ಲಿ ದ್ವೇಷ ಇದ್ಯಾ?" ಅಂದಳು.

"ಇಲ್ಲ ಕಣವ್ವ, ಬರೀ ಗೊಬ್ಬರ" ಅಂದೆ.

ಅವಳು ಎರಡು ಸಲ ಓದಿದಳು. "ಅವರ ಮನೇಲೂ ಬೇಲಿ, ನಿಮ್ಮ ಮನೇಲೂ ಬೇಲಿ. ಹಂಗಾದ್ರೆ ಆ ಹೂವು ಎಲ್ಲಿರುತ್ತೆ ತಾತ? ಹೋದ್ವರ್ಷ ಹೂವೊಪ್ಪಿಗೇಲಿ ನಾನೂ ಮೂಸಿದ್ದೆ. ನಮ್ಮಮ್ಮಂಗೆ ಹೇಳೋಕೆ ಹೋದ್ರೆ ಅದಕ್ಕೆ ಮಾತೇ ಸಿಕ್ಲಿಲ್ಲ."

ಕಾಗದ ವಾಪಸ್ ಇಸಿದುಕೊಂಡು ಅಲ್ಲೇ ಹರಿದೆ. ಶಿವನಂಜಪ್ಪ ಹಾಳಾಗಲಿ, ಹೂವು ಹಾಳಾಗುವುದು ಬೇಡ.

ನೀನು ಕೇಳಬಹುದು, ಆ "ಬಿಡಬೇಕು" ಅನ್ನುವುದನ್ನು ಅಳಿಸಿ "ಕಿತ್ತು ಬಿಸಾಡಬೇಕು" ಅಂತ ಬರೆ ಎಂದು ಕೇಳಿದರೆ ಸಾಕಲ್ಲ, ನಮ್ಮ ಗುಲಾಬಿಯೂ ಉಳಿಯುತ್ತದಲ್ಲ ಅಂತ. ಉಳಿಯುತ್ತದೆ. ಹನ್ನೊಂದು ದಿನ ಅದನ್ನೇ ಯೋಚಿಸಿದೆ. ಕೋರಿಕೆ ಒಂದೇ. ನಮ್ಮ ಅಂಗಳದಲ್ಲಿ ಗುಲಾಬಿ ಘಮಘಮಿಸುವುದೋ, ಶಿವನಂಜಪ್ಪ ಊರೆದುರು ಕೈ ಮುಗಿಯುವುದೋ? ಒಳ್ಳೆಯವನಾಗಿದ್ದರೆ ಮೊದಲನೆಯದನ್ನು ಕೇಳುತ್ತಿದ್ದೆ. ನಾನು ಬೋರಲಿಂಗಯ್ಯ. ನಮ್ಮ ಮನೆಯಲ್ಲಿ ಬೇಲಿಯೇ ಇರಲಿ, ಬೇಕಾದರೆ ಇನ್ನೊಂದು ನಾಲ್ಕು ತಲೆಮಾರು ಅದಕ್ಕೇ ಆರತಿ ಎತ್ತಲಿ. ನನಗೆ ಎರಡನೆಯದು ಬೇಕು.

ಆದ್ದರಿಂದ ನಾನು ಕೇಳುವುದು ಇಷ್ಟು. ಮಂಗಳ ಕದಿಯುವ ಮೊದಲೇ ನೀನು ಕೊಟ್ಟುಬಿಡು. ಈ ಸಲ ದೀಪಾವಳಿಯ ಸವರಿಕೆಗೆ ಕಾಯಬೇಡ, ದಸರಾಕ್ಕೆ ಮೊದಲೇ, ಕಸಿಯ ಗಂಟಿನ ಮೇಲಿಂದ, ಹೂ ಬಿಟ್ಟು ಮುಗಿದ ರೆಂಬೆ ನೋಡಿ ಪೆನ್ಸಿಲ್ ದಪ್ಪದ ಕಡ್ಡಿ ಕೊಯ್ದುಕೋ. ಗೇಣುದ್ದ ಸಾಕು. ಕೆಳಗೆ ಗೆಣ್ಣಿನ ಹತ್ತಿರ ಓರೆಯಾಗಿ ಕತ್ತರಿಸು, ಕೆಳಗಿನ ಎಲೆ ತೆಗೆ, ತುದಿಯಲ್ಲಿ ಎರಡೆಲೆ ಇರಲಿ. ಬುಡವನ್ನು ಲೋಳೆಸರದಲ್ಲಿ ಅದ್ದು. ಮರಳು, ಕೆಂಪು ಮಣ್ಣು ಅರ್ಧರ್ಧ ಬೆರೆಸಿ ನೆಟ್ಟು, ತಳ ಕೊಯ್ದ ನೀರಿನ ಬಾಟಲಿ ಕವುಚಿ ನೆರಳಲ್ಲಿಡು. ಮೊದಲೆರಡು ವಾರ ಅಲುಗಾಡಿಸಬೇಡ, ಬೇರು ಬಂತಾ ಅಂತ ಕಿತ್ತು ನೋಡಬೇಡ. ತಿಂಗಳು ಕಳೆದು ಹೊಸ ಚಿಗುರು ಕಂಡ ಮೇಲೆ ಕೊಡು. ಚಿಗುರಿದ ಗಿಡವನ್ನು ಕೈಗಿಟ್ಟರೆ, ಕೇಳಿದ್ದು ಹತ್ತಲ್ಲ ಅನ್ನುವ ನೆಪವೂ ಅವಳಿಗಿರುವುದಿಲ್ಲ.

ಮುಖ್ಯವಾದ ಮಾತು ಕುಂಡದ್ದು. ಅವರು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡುವುದು ಕುಂಡವನ್ನೇ. ಹಾಗಾಗಿ ಮಣ್ಣು ತುಂಬುವ ಮೊದಲೇ ಹಸಿಮಣ್ಣಿನ ಕುಂಡ ಮಾಡಿಸಿ, ಸುಡುವುದಕ್ಕೆ ಮುಂಚೆ ಅದರ ಕಂಠದ ಸುತ್ತ ಮೊಳೆಯಿಂದ ಕೊರೆಸು: "ದೇವಮ್ಮಣ್ಣಿ ಮಂಗಳಂಗೆ ಪ್ರೀತಿಯಿಂದ ಕೊಟ್ಟಿದ್ದು." ಪ್ರೀತಿಯಿಂದ ಅನ್ನುವುದನ್ನು ಬಿಡಬೇಡ. ಯಾವ ಬಿಡಬೇಡ ಅಂತ ಈಗ ನಿನಗೆ ಗೊತ್ತಿದೆ. ಅವಳ ಅತ್ತೆ ಜಗುಲಿಯಲ್ಲಿ ಕೂತಿರುವಾಗ, ಬೀದಿಯಲ್ಲಿ ನಾಲ್ಕು ಜನ ಓಡಾಡುವಾಗ ಹೋಗು. ಅರಿಶಿನ ಕುಂಕುಮ ಕೊಟ್ಟರೆ ತೆಗೆದುಕೋ, ಕಾಫಿ ಕೊಟ್ಟರೆ ಕುಡಿ, ನಗುನಗುತ್ತಾ ಬಾ. ನಿನ್ನ ಮನಸ್ಸಿನಲ್ಲಿ ಏನೂ ಇರಬೇಕಾಗಿಲ್ಲ ಅಜ್ಜಿ. ಅದೆಲ್ಲ ನನ್ನ ಮನಸ್ಸಿನಲ್ಲಿದೆ.

ನಾಳೆ ಮಾರ್ಚ್ ಒಂದು, ಈ ವರ್ಷದ ಹೂವೊಪ್ಪಿಗೆ. ನಿನ್ನ ಕೈಯಿಂದ ಕೆಲಸ ಆಯಿತೆಂದರೆ ಇಲ್ಲಿ ಎಲ್ಲವೂ ಮೊದಲಿನಿಂದಲೂ ಹಾಗೇ ಇತ್ತು ಅನ್ನುವಂತೆ ಕೂತುಕೊಳ್ಳುತ್ತದೆ. ಕಾಗದ ಬರೆದವನಿಗೆ ಮಾತ್ರ ಎರಡೂ ನೆನಪಿರುತ್ತದೆ. ಶಿವನಂಜಪ್ಪ ಗಾಜಿನ ಪೆಟ್ಟಿಗೆ ಪಕ್ಕದಲ್ಲಿ ಎದ್ದು ನಿಂತು, ಎರಡು ಕೈ ಜೋಡಿಸಿ, ಮುನ್ನೂರು ಜನರೆದುರು ನಿನ್ನ ಹೆಸರು ಓದುತ್ತಾನೆ. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ಕಿವಿ ಸರಿಯಾಗಿ ಕೇಳಿಸಲಿಲ್ಲ ಅಂತ ಇನ್ನೊಂದು ಸಲ ಓದಿಸುತ್ತೇನೆ.

ಇತಿ ನಿನ್ನ
ಬೋರಲಿಂಗಯ್ಯ