ನಿನ್ನ ಗಳ ಕಿತ್ತೆವು

ಪ್ರೀತಿಯ ಮೊಂಡ,

ನಿನ್ನನ್ನು ಹೀಗೆ ಕರೆದರೆ ಅಮ್ಮನಿಗೆ ಈಗ ಸಿಟ್ಟು ಬರುತ್ತದೆ. ತೀರಿಹೋದವನಿಗೆ ಅಡ್ಡಹೆಸರು ಬೇಡ ಅನ್ನುತ್ತಾಳೆ. ನಿನ್ನ ನಿಜವಾದ ಹೆಸರು ಹಿಡಿದು ನಾನು ಎಂದಾದರೂ ಕರೆದದ್ದುಂಟೇನೋ? ಇವತ್ತು ನಿನ್ನ ಗಳ ಕಿತ್ತೆವು. ಅದನ್ನು ನಿನಗೆ ಅಕ್ಕನೇ ಹೇಳಬೇಕು ಅನ್ನಿಸಿ ಬರೆಯಲು ಕೂತಿದ್ದೇನೆ.

ನಿನ್ನ ಗಳ ಯಾವುದು ಅಂತ ನಿನಗೇನು ಗೊತ್ತು, ಅದನ್ನು ನೆಟ್ಟಿದ್ದು ನೀನು ಹೋದ ಮೇಲೆ ತಾನೆ. ಹೊಳೆ ಕಡಲು ಸೇರುವಲ್ಲಿ, ನೀನು ಸತ್ತ ಮರಳುದಿಬ್ಬದ ಮೇಲೆ ನಿನ್ನ ಗೆಳೆಯ ಕುಳ್ಳ ಒಂದು ಉದ್ದನೆಯ ಬಿದಿರು ನೆಟ್ಟ. ಅಮ್ಮ ಕೇಳಿಕೊಂಡಿದ್ದಳು. ಮಹಡಿಯ ಕಿಟಕಿಯಿಂದ ಅದು ಕಾಣುತ್ತಿತ್ತು. ಬೆಳಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಅಲ್ಲಿ ಹೋಗಿ ನಿಲ್ಲುತ್ತಿದ್ದಳು. ಬಣ್ಣ ಮಾಸಿದ ಹಾಗೆ ಕಂಡರೆ ಸಾಕು, ಕುಳ್ಳನಿಗೆ ಬುಲಾವ್ ಹೋಗುತ್ತಿತ್ತು. ಇಳಿತದ ಹೊತ್ತಿಗೆ ಅವನ ದೋಣಿಯಲ್ಲಿ ಹೋಗಿ, ಸೀರೆ ಎತ್ತಿ ಕಟ್ಟಿ, ನೀರಲ್ಲಿ ನಿಂತು ತಾನೇ ಬಿಳಿ ಬಣ್ಣ ಬಳಿದು ಬರುತ್ತಿದ್ದಳು. ನಾನು ಒಮ್ಮೆ, "ಮನೆ ಗೋಡೆಗೆ ಸುಣ್ಣ ಇಲ್ಲ, ಬಿದಿರಿಗೆ ಪೇಂಟು" ಅಂದೆ. ಎರಡು ದಿನ ಮಾತು ಬಿಟ್ಟಳು.

ನಿನ್ನ ಮೇಲೆ ನನಗಿನ್ನೂ ಕೋಪ ಇದೆ. ಕತ್ತಲಾದ ಮೇಲೆ ಆ ದಾರಿಯಲ್ಲಿ ಬರಬೇಡ ಅಂತ ಬಡಕೊಂಡೆ. "ಗಳ ಎಡಕ್ಕಿಟ್ಕೊಂಡು ಬಂದ್ರೆ ಆಯ್ತಕ್ಕ, ಮಲ್ಕೊಂಡೂ ಬರ್ತೀನಿ" ಅಂದಿದ್ದೆ. ಸರಿಯಪ್ಪ, ಆಳದ ದಾರಿಗೆ ಗುರುತು ಅಂತ ನೆಟ್ಟ ಆ ಗಳಗಳು ಎಡಕ್ಕಿಡುವುದಕ್ಕೆ ಇರಬೇಕಲ್ಲ! ಆ ವಾರದ ನೆರೆಗೆ ತಿರುವಿನ ಗಳ ಕೊಚ್ಚಿಹೋಗಿತ್ತು. ಅದರ ಪಕ್ಕದ್ದನ್ನು ಯಾರೋ ಬಟ್ಟೆ ಒಣಗಿಸಲು ಕಿತ್ತೊಯ್ದಿದ್ದರಂತೆ. ಉಳಿದವು ಪಾಚಿ ಹಿಡಿದು ಕಪ್ಪಾಗಿದ್ದವು, ಟಾರ್ಚು ಬಿಟ್ಟರೂ ಕಣ್ಣಿಗೆ ಬೀಳುವಂತಿರಲಿಲ್ಲ. ಇಲ್ಲದ ಗಳವನ್ನು ಹುಡುಕುತ್ತಾ ನೀನು ದಿಬ್ಬಕ್ಕೇ ದೋಣಿ ಹೊಡೆದೆ. ದೋಣಿ ಗಕ್ಕನೆ ನಿಂತಿತು, ನೀನು ಮುಂದಕ್ಕೆ ಹಾರಿಬಿದ್ದೆ, ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿತು. ಅಲ್ಲಿದ್ದದ್ದು ಸೊಂಟದಷ್ಟು ನೀರು ಕಣೋ. ಎದ್ದು ನಿಂತಿದ್ದರೆ ಅಂಗಿ ಕೂಡ ಪೂರ್ತಿ ನೆನೆಯುತ್ತಿರಲಿಲ್ಲ. ಹೊಳೆಯನ್ನು ಅಡ್ಡಕ್ಕೂ ಉದ್ದಕ್ಕೂ ಈಜಿದವನು ಅಷ್ಟೇ ನೀರಲ್ಲಿ ಹೋದೆಯಲ್ಲೋ.

ಆಮೇಲೆ ಅಧಿಕಾರಿಗಳು ಬಂದರು, ನೋಡಿದರು, ತಲೆ ಅಲ್ಲಾಡಿಸಿ ಹೋದರು. ತಿರುವಿನ ಗಳ ವಾಪಸು ಬರಲಿಲ್ಲ. ನಾನು ದೋಣಿ ರಿಪೇರಿಯ ಶೆಡ್ಡಿನಲ್ಲಿ ಟಾರ್ಪಾಲು ಹೊಲಿಯುತ್ತಾ ಕೂತಿರುತ್ತೇನೆ, ಅಡಿ ಕೆರೆದುಕೊಂಡ ದೋಣಿಗಳು ಕಣ್ಣೆದುರೇ ಬರುತ್ತವೆ. ಎಲ್ಲರೂ ಬಯ್ಯುತ್ತಾರೆ, ತೇಪೆ ಹಾಕಿಸಿಕೊಂಡು ಮತ್ತೆ ಅದೇ ದಾರಿ ಹಿಡಿಯುತ್ತಾರೆ. ನಾನೂ ಬಯ್ದು ಸುಮ್ಮನಾಗುವವರ ಪೈಕಿಯೇ.

ಕಳೆದ ವಾರ ನಡುಗಡ್ಡೆಯಿಂದ ಒಬ್ಬ ಬಸುರಿಯನ್ನು ಆಸ್ಪತ್ರೆಗೆ ಕರೆತರುತ್ತಿದ್ದರು. ಹೊತ್ತು ಮುಳುಗಿದ ಮೇಲೆ ನೋವು ಶುರುವಾಗಿತ್ತು, ಬೆಳಗಿನವರೆಗೆ ಕಾಯುವ ಹಾಗಿರಲಿಲ್ಲ. ದೋಣಿ ನಡೆಸಿದವನು ನಿನ್ನ ಜಾಗಕ್ಕೆ ಬಂದ ಹೊಸಬ. ಪಾಪ, ಹುಷಾರಿನ ಮನುಷ್ಯ, ಮೋಟಾರು ತಗ್ಗಿಸಿ ಟಾರ್ಚು ಆಡಿಸುತ್ತಲೇ ಬಂದನಂತೆ. ಕತ್ತಲಲ್ಲಿ ದೂರಕ್ಕೆ ಒಂದು ಗಳ ಬೆಳ್ಳಗೆ ಎದ್ದು ಕಂಡಿತು. ಸದ್ಯ, ಇಲ್ಲಾದರೂ ಒಂದು ಗುರುತು ಇಟ್ಟಿದ್ದಾರಲ್ಲ ಅಂದುಕೊಂಡ. ಅದನ್ನು ಎಡಕ್ಕಿಟ್ಟುಕೊಂಡು ತಿರುಗಿಸಿದ. ದೋಣಿ ದಿಬ್ಬಕ್ಕೇರಿ ಕೂತಿತು. ಇಳಿದು ನೂಕಿದರೂ ಅಲುಗಲಿಲ್ಲ, ಉಬ್ಬರ ಬರುವವರೆಗೆ ಅಲ್ಲೇ. ತಾಯಿ ಬದುಕಿದಳು. ಮಗು ಉಳಿಯಲಿಲ್ಲ.

ಆ ಹೊಸಬ ನಮ್ಮ ಮನೆಗೇ ಬಂದ. ಒಳಗೆ ಬಾ ಅಂದರೂ ಬರದೆ ಹೊಸ್ತಿಲ ಆಚೆಯೇ ನಿಂತು, "ಅಕ್ಕಾ, ಅದು ನಿಮ್ಮ ತಮ್ಮನ ನೆನಪಿಗೆ ನೆಟ್ಟಿದ್ದು ಅಂತ ನಂಗ್ಯಾರೂ ಹೇಳಿರ್ಲಿಲ್ಲ. ಅಷ್ಟು ಚೆನ್ನಾಗಿ ಪೇಂಟ್ ಮಾಡಿದಾರಲ್ಲ, ದಾರಿದೇ ಅಂದ್ಕೊಂಡೆ" ಅಂದ. ಅಮ್ಮ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಅವನು ಹೋದ ಮೇಲೂ ಆರಿಸುತ್ತಲೇ ಇದ್ದಳು. ಕಲ್ಲು ಯಾವುದು ಅಕ್ಕಿ ಯಾವುದು ಅವಳಿಗೆ ಕಾಣುತ್ತಿರಲಿಲ್ಲ. ಮೊರವನ್ನು ನಾನೇ ಕೈಯಿಂದ ತೆಗೆದುಕೊಂಡೆ.

ಗಳದ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ. ಮಗನ ಹೆಸರಲ್ಲಿ ಅವಳಿಗೆ ಉಳಿದಿದ್ದು ಅದೊಂದೇ. ನಿನ್ನೆ ಸಂಜೆ ಅವಳೇ, "ಆ ಹುಡುಗೀದು ಮೊದಲನೇ ಮಗುವಂತೆ ಕಣೆ. ಕುಳ್ಳಂಗೆ ಹೇಳು, ನಾಳೆ ಕಿತ್ತುಬಿಡಾಣ" ಅಂದಳು. ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಇವತ್ತು ಮಧ್ಯಾಹ್ನ ಇಳಿತದಲ್ಲಿ ಮೂವರೂ ಹೋದೆವು. ಕುಳ್ಳ ಗಟ್ಟಿಮುಟ್ಟಾಗಿಯೇ ನೆಟ್ಟಿದ್ದ, ಎಷ್ಟು ಎಳೆದರೂ ಬರಲೊಲ್ಲದು. ಬುಡದ ಮರಳು ಕೈಯಿಂದ ತೋಡಿದಷ್ಟೂ ಮತ್ತೆ ತುಂಬಿಕೊಳ್ಳುತ್ತಿತ್ತು. ಅಮ್ಮನೂ ನಮ್ಮ ಜೊತೆ ಎಳೆದಳು. ಕೊನೆಗೊಮ್ಮೆ ಅದು ಕಳಚಿಕೊಂಡಾಗ ಮೂವರೂ ಹಿಂದಕ್ಕೆ ಬಿದ್ದೆವು. ನನಗೆ ಹಾಳಾದ ನಗು ಬಂತು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಮ್ಮನೂ ನಕ್ಕಳು, ಆಮೇಲೆ ಒದ್ದೆ ಮರಳಲ್ಲೇ ಕೂತು ಅತ್ತಳು.

ಅದನ್ನು ತಿರುವಿನಲ್ಲಿ ನೆಟ್ಟೆವು. ಆ ರಾತ್ರಿ ನಿನಗೆ ಸಿಗದಿದ್ದ ಗಳದ ಜಾಗದಲ್ಲಿ. ಕುಳ್ಳ ಕೋಲು ಇಳಿಸಿ ಆಳ ನೋಡಿ, ಆಳದ ಅಂಚು ಇದೇ ಅಂತ ಖಾತ್ರಿ ಮಾಡಿಕೊಂಡ. ಇಷ್ಟು ಸಣ್ಣ ಕೆಲಸ ನೋಡು, ಒಂದು ಮಧ್ಯಾಹ್ನದ್ದು.

ವಾಪಸು ಬರುವಾಗ ಉಬ್ಬರ ಏರಿತ್ತು, ದಿಬ್ಬ ಮುಳುಗಿತ್ತು. ಅಮ್ಮ ದೋಣಿಯಲ್ಲಿ ಹಿಂದಕ್ಕೆ ತಿರುಗಿ ಕೂತು ಬಹಳ ಹೊತ್ತು ನೋಡಿದಳು. ನೀರೆಲ್ಲ ಒಂದೇ ಸಮ. "ಎಲ್ಲಿತ್ತೇ ಅದು?" ಅಂತ ಕೇಳಿದಳು. ಕುಳ್ಳ ಮೋಟಾರಿನ ಕಡೆ ತಲೆ ಬಗ್ಗಿಸಿದ. ನನಗೂ ಗೊತ್ತಾಗಲಿಲ್ಲ ಮೊಂಡ. ಸುಮ್ಮನೆ ಒಂದು ಕಡೆ ಬೆರಳು ತೋರಿಸಿದೆ. ಅವಳು ಆ ಕಡೆಗೇ ಕೈಮುಗಿದಳು.

ಎಲ್ಲಿದ್ದೀಯೋ ಅಲ್ಲೇ ತಣ್ಣಗಿರಪ್ಪ.

ನಿನ್ನ ಅಕ್ಕ